ಗುಳೆ ಹೋದವರಿಗೆ ಶಾಲೆಯ ಸುದ್ದಿ

ಜನವರಿಯ ಒಂದು ರಾತ್ರಿ ಎಂಟೂಮುಕ್ಕಾಲಿಗೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಮಗಳು ನನ್ನ ಐದನೇ ಕ್ಲಾಸಿನಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಮಗಳು ಇಲ್ಲಿ ಊರಲ್ಲಿ ಆಯಿಯ, ಅಂದರೆ ಅಜ್ಜಿಯ ಹತ್ತಿರ ಇದ್ದಾಳೆ. ನಾನು ಎಫ್‌ಎ-3 ಅನ್ನುವ ಕಿರು ಪರೀಕ್ಷೆಯ ಗ್ರೇಡು ಹೇಳೋಣ ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಕೇಳಿದರು:

"ಟೀಚರ್, ಜಡಿ ಹಾಕ್ಕೊಂಡು ಬರ್ತಾಳೇನ್ರಿ?"

ಬರುತ್ತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್. ಒಂದು ಬಿಗಿ, ಇನ್ನೊಂದು ಸಡಿಲ. ಆಯಿಗೆ ಬಲಗೈ ಹೆಬ್ಬೆರಳು ನೋವು, ಎರಡನೇ ಜಡೆ ಹಾಕುವಷ್ಟರಲ್ಲಿ ಕೈ ಸೋತಿರುತ್ತದೆ. ಅದನ್ನೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ತತ್ತಿ ತಿಂತಾಳೇನ್ರಿ?" ಅಂದರು. ತಿನ್ನುತ್ತಾಳೆ, ಆದರೆ ಹಳದಿ ಭಾಗ ಪಕ್ಕದವಳಿಗೆ ಕೊಡುತ್ತಾಳೆ ಅಂದೆ. ಅವರು ನಕ್ಕರು. ಗ್ರೇಡಿನ ಮಾತು ಬಂದದ್ದು ಅದಾದ ಮೇಲೆ. ಆಗ ಅವರು ಪೂರ್ತಿ ಗಮನ ಕೊಟ್ಟು ಕೇಳಿದರು, ಎರಡು ಪ್ರಶ್ನೆಯನ್ನೂ ಕೇಳಿದರು.

ನಾನು ಸಿಂಧನೂರಿನವಳು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಟೀಚರ್ ಆಗಿದ್ದೇನೆ. ಒಂದು ಊರು, ಎರಡು ಲಂಬಾಣಿ ತಾಂಡಾ, ಇಷ್ಟರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ದೀಪಾವಳಿ ಮುಗಿದ ಮೇಲೆ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಮುಂಬೈ, ಗೋವಾ ಅಂತ ಜನ ಹೊರಡುತ್ತಾರೆ. ಕೆಲವರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಉಳಿದವರು ಆಯಿ, ಮುತ್ಯಾನ (ಅಜ್ಜನ) ಹತ್ತಿರ ಬಿಟ್ಟು ಹೋಗುತ್ತಾರೆ. ಈ ವರ್ಷ ನನ್ನ ಕ್ಲಾಸಿನ 31 ಮಕ್ಕಳಲ್ಲಿ 12 ಮಕ್ಕಳು ಹಾಗೆ ಉಳಿದವರು.

ಈ 12 ಮಕ್ಕಳ ಅಪ್ಪ ಅವ್ವಂದಿರಿಗೆ ಶಾಲೆಯ ಸುದ್ದಿ ಮುಟ್ಟಿಸುವುದು ಹೇಗೆ ಅನ್ನುವುದನ್ನು ನಾನು ತುಂಬಾ ತಡವಾಗಿ ಕಲಿತೆ. ಕಲಿತದ್ದನ್ನು ಬರೆದಿಡಬೇಕು ಅನಿಸಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಾಲಕರ ಸಭೆಯನ್ನು ಬುಧವಾರ ಬೆಳಿಗ್ಗೆ 11 ಗಂಟೆಗೆ ಕರೆದಿದ್ದೆ. ಮಕ್ಕಳ ಕೈಲಿ ಚೀಟಿ ಕಳಿಸಿದ್ದೆ. ನಾಲ್ಕು ಜನ ಬಂದರು. ಅವರಲ್ಲಿ ಇಬ್ಬರು ಆಧಾರ್ ಕಾರ್ಡಿನ ಕೆಲಸಕ್ಕೆ ಬಂದವರು. ನಾನು ಸಭೆಯ ಪುಸ್ತಕದಲ್ಲಿ 'ಪಾಲಕರಿಗೆ ಆಸಕ್ತಿ ಕಡಿಮೆ' ಅಂತ ಬರೆದು ಸಹಿ ಹಾಕಿದೆ. ಆ ಪುಸ್ತಕ ಇನ್ನೂ ಬೀರುವಿನಲ್ಲಿದೆ, ಆ ಸಾಲು ಕಂಡಾಗ ನನಗೆ ನೋವಾಗುತ್ತದೆ. ಅದೇ ವಾರ ಒಬ್ಬ ಅಜ್ಜಿ ದಾರಿಯಲ್ಲಿ ಸಿಕ್ಕಾಗ, ಯಾಕೆ ಬರಲಿಲ್ಲ ಅಂತ ಕೇಳಿದ್ದೆ. ಅವರು ಸಿಟ್ಟಿಲ್ಲದೆ ಹೇಳಿದರು: "ಹತ್ತಿ ಒಡದೈತ್ರಿ ಟೀಚರ್. ನಿಮ್ ಮೀಟಿಂಗಿಗೆ ಬಂದ್ರ ಇವತ್ತಿನ ಕೂಲಿ ಯಾರ್ ಕೊಡ್ತಾರ್ರೀ?"

ಹತ್ತಿ ಬಿಡಿಸುವ ಕೂಲಿ ಕೆಜಿ ಲೆಕ್ಕ. ಒಂದು ತಾಸು ಹೋದರೆ ಅಷ್ಟು ಕೆಜಿ ಹೋಯಿತು. ಹತ್ತಿ ಒಡೆದ ಹೊತ್ತಲ್ಲಿ ಬುಧವಾರ 11 ಗಂಟೆಗೆ ಸಭೆ ಕರೆದವಳು ನಾನು. ಇನ್ನು ಚೀಟಿ? ಅದನ್ನು ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ತಂದುಕೊಟ್ಟ ಆ ಮಗುವೊಂದನ್ನು ಬಿಟ್ಟರೆ.

ಕಣ್ಣು ತೆರೆದದ್ದು 2020ರಲ್ಲಿ. ಲಾಕ್‌ಡೌನ್ ಆಗಿ ಬೆಂಗಳೂರಿನಿಂದ ಜನ ಗುಂಪುಗುಂಪಾಗಿ ಊರಿಗೆ ವಾಪಸ್ ಬಂದಿದ್ದರು. ಶಾಲೆ ಬಂದ್ ಇತ್ತು. ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ನಾವೇ ಓಣಿಗೆ, ತಾಂಡಾಕ್ಕೆ ಹೋಗಿ ಗುಡಿ ಕಟ್ಟೆ ಮೇಲೆ ಕೂರಿಸಿ ಪಾಠ ಮಾಡಬೇಕಿತ್ತು. ನಮ್ಮ ತಾಂಡಾದ ಸೇವಾಲಾಲ್ ಮರಿಯಮ್ಮ ಗುಡಿಯ ಮುಂದೆ ಬೇವಿನ ಮರ ಇದೆ. ಅದೇ ನನ್ನ ಕ್ಲಾಸ್ ರೂಮು. ಮೊದಲನೇ ದಿನವೇ ನೋಡಿದೆ, ಮಕ್ಕಳ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅಪ್ಪಂದಿರು ನಿಂತಿದ್ದರು. ಕೈಕಟ್ಟಿಕೊಂಡು, ಪಾಠ ಮುಗಿಯುವವರೆಗೂ. ಇವರಿಗೆ ಆಸಕ್ತಿ ಇಲ್ಲ ಅಂತಲೇ ನಾನು ಬರೆದಿದ್ದದ್ದು.

ಒಂದು ದಿನ ಏಳನೇ ಕ್ಲಾಸಿನವರಿಗೆ ವರ್ಗ ಸಂಖ್ಯೆ ಹೇಳಿಕೊಡುತ್ತಿದ್ದೆ. 12ರ ವರ್ಗ 144 ಅಂದೆ. ಹಿಂದೆ ನಿಂತಿದ್ದ ಒಬ್ಬರು ತಾವಾಗಿಯೇ ಮಾತಾಡಿದರು. ಬೆಂಗಳೂರಿನಲ್ಲಿ ಬಾರ್ ಬೆಂಡಿಂಗ್, ಅಂದರೆ ಕಬ್ಬಿಣದ ರಾಡು ಬಗ್ಗಿಸಿ ಕಟ್ಟುವ ಕೆಲಸ ಮಾಡುವವರು, ಓದಿದ್ದು ಏಳನೇ ಕ್ಲಾಸಿನವರೆಗೆ. "144ನ್ನ 162ರಿಂದ ಭಾಗಿಸ್ರಿ ಟೀಚರ್. ಹನ್ನೆರಡು ಎಂಎಂ ರಾಡಿನ ಒಂದು ಮೀಟರ್ ತೂಕ ಬರ್ತದ" ಅಂದರು. ಬೋರ್ಡಿನ ಮೇಲೆ ಮಾಡಿ ನೋಡಿದೆವು. 0.89 ಕೆಜಿ. ಪೂರಾ ರಾಡು 12 ಮೀಟರ್, ಅಂದರೆ ಹತ್ತೂವರೆ ಕೆಜಿಗೆ ಸ್ವಲ್ಪ ಜಾಸ್ತಿ. ಆಮೇಲೆ ಮಕ್ಕಳು ಬಿಡಲೇ ಇಲ್ಲ. 8 ಎಂಎಂ, 10 ಎಂಎಂ, 16 ಎಂಎಂ, ಎಲ್ಲಾ ಲೆಕ್ಕ ಆಯಿತು. ಕಂಬಕ್ಕೆ ರಿಂಗ್ ಎಷ್ಟು ದೂರಕ್ಕೊಂದು ಕಟ್ಟುತ್ತಾರೆ ಅಂತ ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ಅವರ ಮಗ ಅವತ್ತು ಕೂತ ರೀತಿಯೇ ಬೇರೆ ಇತ್ತು, ಬೆನ್ನು ನೆಟ್ಟಗೆ. ಮುಂದಿನ ವಾರ ಅವರು ಕರೆಯದೇ ಬಂದರು.

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಜನ ಮತ್ತೆ ಬೆಂಗಳೂರಿಗೆ ಹೋದರು. ಆದರೆ ನನ್ನ ಫೋನಿನಲ್ಲಿ ಅವರೆಲ್ಲರ ನಂಬರ್ ಉಳಿಯಿತು. ಈಗ ನಾನು ಮಾಡುವುದೆಲ್ಲ ಅಲ್ಲಿಂದ ಶುರುವಾದದ್ದು.

ಹೊತ್ತು ಮುಖ್ಯ. ಸೈಟಿನ ಕೆಲಸ ಮುಗಿಸಿ, ಅಡುಗೆ ಮಾಡಿ, ತಗಡಿನ ಶೆಡ್ಡಿನಲ್ಲಿ ಕೂರುವ ಹೊತ್ತಿಗೆ ರಾತ್ರಿ ಎಂಟೂವರೆ. ಹಗಲು ಫೋನ್ ಮಾಡಿದರೆ ಮೇಸ್ತ್ರಿ ಬಯ್ಯುತ್ತಾನೆ, ಪಾಪ. ಹಾಗಾಗಿ ಎಂಟೂವರೆಯಿಂದ ಒಂಬತ್ತರ ಒಳಗೆ ದಿನಕ್ಕೆ ಎರಡೇ ಮನೆಗೆ ವಾಟ್ಸ್ಯಾಪ್‌ನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಒಂದು ವಾರಕ್ಕೆ 12 ಮನೆ ಮುಗಿಯುತ್ತದೆ. ಬರೆದು ಕಳಿಸುವುದಿಲ್ಲ. ಓದಲು ಬಾರದವರು ಇನ್ನೊಬ್ಬರ ಕೈಗೆ ಫೋನ್ ಕೊಟ್ಟು ಓದಿಸಬೇಕಾಗುತ್ತದೆ. ತಮ್ಮ ಮಗುವಿನ ಸುದ್ದಿ ಪಕ್ಕದ ಶೆಡ್ಡಿನವರ ಬಾಯಲ್ಲಿ ಯಾಕೆ ಕೇಳಬೇಕು ಅವರು?

ಆ ಒಂದು ನಿಮಿಷದಲ್ಲಿ ನಾನು ಅವತ್ತು ಕಣ್ಣಾರೆ ಕಂಡದ್ದು ಒಂದಾದರೂ ಇರಲೇಬೇಕು. 'ಚೆನ್ನಾಗಿ ಓದ್ತಾನೆ' ಅಂದರೆ ಅದು ಯಾರ ಮಗುವಿಗೂ ಹೊಂದುತ್ತದೆ. 'ಇವತ್ತು ಭಿನ್ನರಾಶಿ ಕೂಡಿಸೋಕೆ ರೊಟ್ಟಿ ಚಿತ್ರ ಬರೆದು ನಾಲ್ಕು ತುಂಡು ಮಾಡಿದ, ಆಮೇಲೆ ತಾನೇ ಉತ್ತರ ಹೇಳಿದ' ಅಂದರೆ ಅದು ಆ ಮಗು ಒಂದರದ್ದೇ ಸುದ್ದಿ. ಇದನ್ನು ಹೇಳಬೇಕಾದರೆ ಹಗಲು ನಾನು ಆ ಮಗುವನ್ನು ನೋಡಿರಬೇಕು. ಈ ಕೆಲಸ ಹಿಡಿದ ಮೇಲೆ ಹಿಂದಿನ ಬೆಂಚಿನ ಸುಮ್ಮನಿರುವ ಮಕ್ಕಳು ನನಗೆ ಜಾಸ್ತಿ ಕಾಣಿಸತೊಡಗಿದರು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕ್ಲಾಸಿನ ಗ್ರೂಪಿನಲ್ಲಿ ಒಮ್ಮೆ ಎಲ್ಲರ ಅಂಕದ ಪಟ್ಟಿಯ ಫೋಟೊ ಹಾಕಿದ್ದೆ. ಎಲ್ಲರಿಗೂ ತಿಳಿಯಲಿ ಅಂತ ಅಷ್ಟೆ. ಒಬ್ಬ ಹುಡುಗನ ಅಪ್ಪ ಮನೆಗೆ ಫೋನ್ ಮಾಡಿ, ಅವರ ಮಗನಿಗೆ ಅಷ್ಟು ಬಂದಿದೆ ನಿನಗೆ ಯಾಕಿಲ್ಲ ಅಂತ ಬಯ್ದರಂತೆ. ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ನಾನು ಮನೆಗೆ ಹೋದರೆ ದನದ ಕೊಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಅವನ ಜೊತೆ ಅಲ್ಲೇ ಕೂತು ಕ್ಷಮೆ ಕೇಳಿದೆ. ಅವತ್ತಿನಿಂದ ಅಂಕ, ಗ್ರೇಡು, ದೂರು ಯಾವುದೂ ಗ್ರೂಪಿಗೆ ಹೋಗುವುದಿಲ್ಲ. ಗ್ರೂಪಿಗೆ ರಜೆ, ಯೂನಿಫಾರ್ಮು, ಶೂ ಸಾಕ್ಸು, ಆಟೋಟ. ಮಗುವಿನ ವಿಷಯ ಆ ಮನೆಯವರಿಗೆ ಮಾತ್ರ.

ಗೈರುಹಾಜರಿ ಮಾತ್ರ ರಾತ್ರಿವರೆಗೆ ಕಾಯುವ ವಿಷಯವಲ್ಲ. ಹೋದ ನವೆಂಬರ್‌ನಲ್ಲಿ ಆರನೇ ಕ್ಲಾಸಿನ ಹುಡುಗಿ ಒಂಬತ್ತು ದಿನ ಬಂದಿರಲಿಲ್ಲ. ಹತ್ತಿ ಬಿಡಿಸಲು ಹೋಗುತ್ತಿದ್ದಾಳೆ ಅಂತ ಗೆಳತಿಯರು ಹೇಳಿದರು. ಆಯಿಯನ್ನು ಕೇಳಿದರೆ "ಇನ್ನ ನಾಕ ದಿನ ಟೀಚರ್" ಅಂದರು. ಪುಣೆಯಲ್ಲಿದ್ದ ತಾಯಿಗೆ ಫೋನ್ ಮಾಡಿದೆ. ಅವರಿಗೆ ಗೊತ್ತೇ ಇರಲಿಲ್ಲ! ಮಗಳು ಶಾಲೆಗೆ ಹೋಗಲಿ ಅಂತಲೇ ಬಿಟ್ಟು ಬಂದಿದ್ದೀನಲ್ರೀ ಅಂತ ಅತ್ತರು. ರಾತ್ರಿಯೇ ಅತ್ತೆಯ ಜೊತೆ ಮಾತಾಡಿದರು. ಮರುದಿನ ಹುಡುಗಿ ಬಂದಳು, ಬೆರಳ ತುದಿಯಲ್ಲಿ ಹತ್ತಿ ಕಾಯಿಯ ಸಿಪ್ಪೆ ಗೀರಿದ ಗಾಯಗಳಿದ್ದವು. ಆಯಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಮನೆಯ ಎಣ್ಣೆ, ಉಪ್ಪು ಅದೇ ಕೂಲಿಯಿಂದ ಬರುತ್ತದೆ. ಆದರೆ ತಾಯಿಗೆ ಎರಡನೇ ದಿನವೇ ತಿಳಿಸದೆ ಒಂಬತ್ತು ದಿನ ಬಿಟ್ಟದ್ದು ನಮ್ಮ ತಪ್ಪು. ಈಗ ಎರಡು ದಿನ ಮಗು ಬರದಿದ್ದರೆ ಆಯಿಯ ಮನೆಗೂ ಹೋಗುತ್ತೇವೆ, ಅಪ್ಪ ಅವ್ವನಿಗೂ ಫೋನ್ ಹೋಗುತ್ತದೆ.

ಇದೆಲ್ಲ ನನ್ನ ಒಳ್ಳೆಯತನವೇನೂ ಅಲ್ಲ, ಕಾನೂನೇ ಹಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಇದೆ. ಪಾಲಕರ ಜೊತೆ ಆಗಾಗ ಸಭೆ ಮಾಡಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ತಿಳಿಸಬೇಕು ಅಂತ ಅದರಲ್ಲಿ ಬರೆದಿದೆ. ನಾವು ಕಾಯ್ದೆ ಅಂದರೆ ದಾಖಲಾತಿ, ಉಚಿತ ಪುಸ್ತಕ ಅಂತಷ್ಟೇ ನೆನಪಿಟ್ಟುಕೊಂಡಿದ್ದೇವೆ.

ಪ್ರಗತಿ ಪತ್ರದ ವಿಷಯಕ್ಕೆ ಬರುತ್ತೇನೆ. ಮೊದಲು ಮಗುವಿನ ಕೈಗೆ ಕೊಟ್ಟು 'ಸಹಿ ಮಾಡಿಸಿಕೊಂಡು ಬಾ' ಅನ್ನುತ್ತಿದ್ದೆವು. ಹೆಬ್ಬೆಟ್ಟು ಬಿದ್ದು ವಾಪಸ್ ಬರುತ್ತಿತ್ತು. ಅದರಲ್ಲಿ ಏನಿದೆ ಅಂತ ಹೆಬ್ಬೆಟ್ಟು ಒತ್ತಿದವರಿಗೂ ಗೊತ್ತಿಲ್ಲ, ಕೆಲವು ಸಲ ಮಗುವಿಗೂ ಗೊತ್ತಿಲ್ಲ. ಈಗ ಓಣಿಗೆ ಹೋಗಿ, ಆಯಿ ಮುತ್ಯಾನ ಪಕ್ಕ ಕೂತು ಓದಿ ಹೇಳುತ್ತೇನೆ. ಎ ಪ್ಲಸ್ ಅಂದರೇನು, ಬಿ ಅಂದರೇನು, ಹಿಂದಿನ ಸಲ ಎಷ್ಟಿತ್ತು, ಈಗ ಎಷ್ಟಿದೆ. ಆಮೇಲೆ ಹೆಬ್ಬೆಟ್ಟು.

ಇದರಲ್ಲಿ ನನಗೆ ದಾರಿ ತೋರಿಸಿದ್ದು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು. ಒಂದರಿಂದ ಮೂರನೇ ಕ್ಲಾಸಿನ ಕೋಣೆಯ ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಚಿತ್ರ. ಮಗು ಎಲ್ಲಿದೆ ಅಂತ ಅಕ್ಷರ ಬಾರದವರೂ ನೋಡಿ ಹೇಳಬಹುದು. ಒಬ್ಬ ಮುತ್ಯಾ ಮೊಮ್ಮಗನ ಕೈ ಹಿಡಿದು ಬಂದು, ಏಣಿಯ ಮೇಲೆ ಬೆರಳಿಟ್ಟು, "ನಮ್ಮಂವ ಯಾವ ಪಾವಟಿಗಿ ಮ್ಯಾಲ ಅದಾನ್ರಿ?" ಅಂತ ಕೇಳಿದರು. ಹುಡುಗ ತಾನೇ ತೋರಿಸಿದ. ಮುತ್ಯಾ ಕೆಳಗಿನಿಂದ ಒಂದೊಂದೇ ಎಣಿಸಿದರು, ಹನ್ನೊಂದು. ತಿಂಗಳು ಬಿಟ್ಟು ಮತ್ತೆ ಬಂದರು, ಮತ್ತೆ ಎಣಿಸಿದರು. ಅವರಿಗೆ ಯಾರೂ ನೋಟಿಸ್ ಕೊಟ್ಟಿರಲಿಲ್ಲ.

ತಾಂಡಾದಲ್ಲಿ ಇನ್ನೊಂದು ತೊಡಕಿದೆ. ಮನೆ ಮಾತು ಲಂಬಾಣಿ. ವಯಸ್ಸಾದ ಹೆಂಗಸರಿಗೆ ನಮ್ಮ ಪುಸ್ತಕದ ಕನ್ನಡ ಪೂರ್ತಿ ತಿಳಿಯುವುದಿಲ್ಲ, ತಿಳಿದವರ ಹಾಗೆ ತಲೆ ಆಡಿಸುತ್ತಾರೆ. ಇದಕ್ಕೆ ಉಪಾಯ ಸಿಕ್ಕಿದ್ದು ಅಡುಗೆ ಕೋಣೆಯಲ್ಲಿ. ನಮ್ಮ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ತಾಂಡಾದವರೇ. ಏನೇ ಸುದ್ದಿ ಇದ್ದರೂ ನಾನು ಅವರಿಗೆ ಹೇಳುತ್ತೇನೆ, ಅವರು ಲಂಬಾಣಿಯಲ್ಲಿ ಮಾತಾಡಿ ಗ್ರೂಪಿಗೆ ಹಾಕುತ್ತಾರೆ. ಜನ ಅವರ ಮಾತನ್ನು ನಮ್ಮ ಮಾತಿಗಿಂತ ಜಾಸ್ತಿ ಕೇಳುತ್ತಾರೆ. ಕೇಳಲೇಬೇಕಲ್ವಾ, ದಿನಾ ಮಕ್ಕಳಿಗೆ ಬಡಿಸುವವರು. 2024ರ ಸೆಪ್ಟೆಂಬರ್‌ನಿಂದ ವಾರದ ಆರೂ ದಿನ ಮೊಟ್ಟೆ ಶುರುವಾದಾಗ ಯಾವ ಮಗು ತಿನ್ನುತ್ತದೆ, ಯಾವುದು ಬಾಳೆಹಣ್ಣು ಕೇಳುತ್ತದೆ ಅನ್ನುವುದು ಮೊದಲು ಗೊತ್ತಾದದ್ದು ಅವರಿಗೆ. ಯಾವ ಮಗು ಎರಡನೇ ಸಲ ಅನ್ನಕ್ಕೆ ಬರಲಿಲ್ಲ, ಯಾರಿಗೆ ಹುಷಾರಿಲ್ಲ ಅನ್ನುವುದೂ ಅಷ್ಟೆ. ನನ್ನ ವಾಯ್ಸ್ ಮೆಸೇಜಿನ ಅರ್ಧ ಸುದ್ದಿ ಅವರು ಕೊಟ್ಟದ್ದು.

ಸಭೆಯ ದಿನವನ್ನೂ ಬದಲಾಯಿಸಿದೆವು. ನಮ್ಮ ಕಡೆ ಗುಳೆ ಹೋದವರು ಯಾವುದಕ್ಕೆ ಬಾರದಿದ್ದರೂ ಮೊಹರಂಗೆ ಊರಿಗೆ ಬರುತ್ತಾರೆ. ಹಿಂದೂ ಮುಸ್ಲಿಂ ಅಂತಿಲ್ಲ, ಅಲಾಯಿ (ಮೊಹರಂ ಕುಣಿತ) ಕುಣಿಯಲು ಎಲ್ಲರೂ ಬೇಕು. 2025ರಲ್ಲಿ ಮೊಹರಂ ಕಡೇ ದಿನ ಜುಲೈ 6, ಭಾನುವಾರ ಬಂದಿತ್ತು. ನಾವು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಪಾಲಕರ ಸಭೆ ಇಟ್ಟೆವು. ಕೂಲಿ ಹೋಗುವ ಚಿಂತೆ ಇಲ್ಲ, ರಾತ್ರಿ ಕುಣಿತಕ್ಕೆ ಇನ್ನೂ ಹೊತ್ತಿದೆ. ಅರವತ್ತಕ್ಕೂ ಹೆಚ್ಚು ಜನ ಬಂದರು. ಕುರ್ಚಿ ಸಾಲದೆ ಜಮಖಾನೆ ಹಾಸಿದೆವು.

ಭಾಷಣ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಒಂದು ತಾಸು ಪೂರ್ತಿ ಮಕ್ಕಳೇ ತಮ್ಮ ಅಪ್ಪ ಅವ್ವಂದಿರನ್ನು ಡೆಸ್ಕಿನ ಹತ್ತಿರ ಕೂರಿಸಿಕೊಂಡು ನೋಟ್‌ಬುಕ್ ತೋರಿಸಿದರು. ಯಾರೂ ಬಾರದ ಮಕ್ಕಳ ಪಕ್ಕ ನಾವು ಶಿಕ್ಷಕರು ಕೂತೆವು. ಒಬ್ಬ ತಾಯಿ ಮಗನ ಗಣಿತದ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಒಂದೊಂದೇ ಹಾಳೆ ತಿರುಗಿಸಿದರು. ಓದಲು ಬಾರದು, ಆದರೂ ಕೆಂಪು ಇಂಕು ಕಂಡಲ್ಲೆಲ್ಲ ನಿಂತು "ಇದು ಸರಿನೋ ತಪ್ಪೋ?" ಅಂತ ಕೇಳಿದರು. ಹುಡುಗ ತಪ್ಪು ಮುಚ್ಚಿಡಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ನೇರವಾಗಿದ್ದವು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾಕಿಲ್ಲ? ಇಂಗ್ಲಿಷ್ ಯಾರು ಹೇಳಿಕೊಡುತ್ತಾರೆ? ಕೇಳಿದವರಲ್ಲಿ ಹೆಂಗಸರೇ ಜಾಸ್ತಿ. ನಮ್ಮ ರಾಜ್ಯದಲ್ಲಿ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿ ಅಥವಾ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹೆಸರು ಹೆಂಡತಿಯದ್ದು, ಸಭೆಗೆ ಬರುವವರು ಗಂಡ, ಇದು ಎಷ್ಟೋ ಕಡೆ ನಡೆಯುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ನೀರಿನ ಪ್ರಶ್ನೆ ಕೇಳಿದ ತಾಯಿಯೇ ಮರುವಾರ ಪಂಚಾಯ್ತಿಗೆ ಹೋಗಿ ಕೂತರು. ಹದಿನೈದು ದಿನದಲ್ಲಿ ಪೈಪು ಬಂತು.

ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋಗುವವರಿಗೂ ಒಂದು ಮಾತು ಹೇಳಿ ಕಳಿಸುತ್ತೇವೆ. ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಸರ್ಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸುವಂತಿಲ್ಲ, ಅದೇ ಕಾಯ್ದೆಯ 5ನೇ ಕಲಮು ಇದು. ಮಗುವಿನ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಆ ಮಗುವಿನ ನಂಬರ್), ಯಾವ ಪಾಠದವರೆಗೆ ಆಗಿದೆ, ನನ್ನ ಫೋನ್ ನಂಬರ್, ಇಷ್ಟನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಕೊಡುತ್ತೇನೆ. ಬೆಂಗಳೂರಿನ ಒಬ್ಬ ಹೆಡ್‌ಮೇಡಂ ಆ ಪುಟ ನೋಡಿ ನನಗೇ ಫೋನ್ ಮಾಡಿದ್ದರು. ಮಗು ಅವತ್ತೇ ಕ್ಲಾಸಿನಲ್ಲಿ ಕೂತಿತು.

ಮೊಹರಂ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2029ರ ಹೊತ್ತಿಗೆ ಬೇಸಿಗೆ ರಜೆಯಲ್ಲೇ ಬೀಳುತ್ತದೆ. ಆಗ ಸಭೆಗೆ ಬೇರೆ ದಿನ ಹುಡುಕಬೇಕು. ಊರ ಜಾತ್ರೆ ಆಗಬಹುದೇನೋ, ಹಿರಿಯರನ್ನು ಕೇಳುತ್ತಿದ್ದೇವೆ.

ಇತ್ತೀಚೆಗೆ ಹೊಸದೊಂದು ಶುರುಮಾಡಿದ್ದೇವೆ. ಸೈಟಿನ ಊಟದ ಹೊತ್ತೂ ನಮ್ಮ ಬಿಸಿಯೂಟದ ಹೊತ್ತೂ ಹೆಚ್ಚುಕಡಿಮೆ ಒಂದೇ. ಊಟ ಮುಗಿದ ಮೇಲೆ ದಿನಕ್ಕೊಂದು ಮಗು ನನ್ನ ಫೋನಿನಲ್ಲಿ ಮನೆಯವರಿಗೆ ಕನ್ನಡ ಪುಸ್ತಕದ ಒಂದು ಪುಟ ಓದಿ ಹೇಳುತ್ತದೆ. ಹೋದ ಗುರುವಾರ ಎರಡು ಜಡೆಯ ಹುಡುಗಿಯ ಸರದಿ. ಅವಳು ಓದುವಾಗ ನಿಧಾನ, ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ. ಆ ಕಡೆಯಿಂದ ಕಾಂಕ್ರೀಟ್ ಮಿಕ್ಸರ್ ಸದ್ದು. ಅರ್ಧ ಪುಟ ಆಗಿತ್ತು. ಅವರವ್ವ ನಡುವೆ ಬಾಯಿ ಹಾಕಿದರು: "ತಡ್ರಿ ಟೀಚರ್, ಅವರಪ್ಪ ಮ್ಯಾಲಿಂದ ಇಳೀಲಾಕತ್ತಾನ. ಬಂದ ಮ್ಯಾಲ ಮೊದಲಿಂದ ಓದಲಿ."

ನಾವಿಬ್ಬರೂ ಕಾದೆವು. ಮಿಕ್ಸರ್ ನಿಂತಿತು. ಅವಳು ಜಡೆಯನ್ನು ಬೆನ್ನ ಹಿಂದೆ ಹಾಕಿಕೊಂಡು ಮತ್ತೆ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.